ಮದುವೆ ಆದ್ಮೇಲೂ ಗೇಮಾ?

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವ ಗಂಡ-ಹೆಂಡತಿ ಜಗಳದಲ್ಲಿ ಈಗೀಗ ಗೇಮ್ ವಿಷಯ ಜಾಸ್ತಿಯಾಗಿದೆ. "ಮಗು ಆಗಿದೆ, ಮನೆ ಸಾಲ ಇದೆ, ಇವರು ನೋಡಿದ್ರೆ ಇನ್ನೂ ಹುಡುಗರ ಥರ ಮೊಬೈಲ್ ಹಿಡ್ಕೊಂಡು ಗುಂಡು ಹೊಡೀತಾ ಕೂತಿರ್ತಾರೆ" ಅಂತ ಹೆಂಡತಿ ಹೇಳುತ್ತಾರೆ. ಗಂಡ ತಲೆ ತಗ್ಗಿಸಿ ಕೂರುತ್ತಾರೆ. ಆ ನಾಚಿಕೆಯೇ ನನಗೆ ಹೆಚ್ಚು ಚಿಂತೆ. ನಾಚಿಕೆ ಬಂದಮೇಲೆ ಕದ್ದು ಆಡುವುದು ಶುರುವಾಗುತ್ತದೆ, ಎಲ್ಲರೂ ಮಲಗಿದ ಮೇಲೆ ರಾತ್ರಿ ಒಂದು ಗಂಟೆಗೆ, ಇಯರ್‌ಫೋನ್ ಹಾಕಿಕೊಂಡು. ನಿದ್ದೆ ಹೋಗುತ್ತದೆ, ಜಗಳ ಆಟದ್ದಲ್ಲ, ಸುಳ್ಳಿನದ್ದಾಗುತ್ತದೆ.

ದೊಡ್ಡವರು ಆಡುವುದು ನಮಗೆ ಹೊಸದಲ್ಲ. ಜಗಲಿ ಮೇಲೆ ಚೌಕಾಬಾರ, ಹುಲಿ-ಕುರಿ ಆಡುತ್ತಿದ್ದವರಲ್ಲಿ ಅಜ್ಜ-ಅಜ್ಜಿಯರೂ ಇದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಸರಾಗಿದ್ದೂ ಹೊಸ ಹೊಸ ಮಣೆ ಆಟ, ಗಂಜೀಫಾ ಅನ್ನುವ ಚಿತ್ರದ ಎಲೆಗಳ ಇಸ್ಪೀಟಿನಂಥ ಆಟಗಳನ್ನು ರೂಪಿಸಿದರು. ಅವರನ್ನು ಯಾರೂ ಹುಡುಗಾಟಿಕೆಯವರು ಅನ್ನಲಿಲ್ಲ.

ಹಾಗಾದರೆ ಮನೆಯಲ್ಲಿ ಸಿಟ್ಟು ಯಾಕೆ? ಬಿಜಿಎಂಐ ತೆಗೆದುಕೊಳ್ಳಿ, ಕೊನೆಗೆ ಉಳಿದವರೇ ಗೆಲ್ಲುವ, ಮೊಬೈಲ್‌ನಲ್ಲಿ ಗುಂಡು ಹೊಡೆಯುವ ಆನ್‌ಲೈನ್ ಆಟ. ಒಂದು ಮ್ಯಾಚ್‌ಗೆ 100 ಜನರವರೆಗೆ ಇಳಿಯುತ್ತಾರೆ, ಸ್ಕ್ವಾಡ್‌ನಲ್ಲಿ, ಅಂದರೆ ಒಂದು ತಂಡದಲ್ಲಿ, 4 ಜನ, ಕೊನೆವರೆಗೂ ಉಳಿದರೆ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸುವ ಗುಂಡಿಯೇ ಇಲ್ಲ, ಎದ್ದು ಹೋದರೆ ಉಳಿದ ಮೂವರಿಗೆ ಗೆಲ್ಲುವುದು ಕಷ್ಟವಾಗುತ್ತದೆ, ಆ ಮೂವರು ಬಹಳ ಸಲ ಕಾಲೇಜ್ ಹಾಸ್ಟೆಲ್ ಗೆಳೆಯರು, ಒಬ್ಬ ಪುಣೆ, ಒಬ್ಬ ದುಬೈ, ಮಾತಾಡಲು ಸಿಗುವುದೇ ಆ ಹೊತ್ತಿನಲ್ಲಿ. ಊಟಕ್ಕೆ ಕರೆದಾಗ "ಐದೇ ನಿಮಿಷ" ಅನ್ನುವುದು ಹೀಗೆ. ಐದು ನಿಮಿಷದಲ್ಲಿ ಮುಗಿಯಲ್ಲ ಅಂತ ಅವರಿಗೂ ಗೊತ್ತು.

ಅದಕ್ಕೇ ನಾನು ಹೇಳುವುದು: ಮ್ಯಾಚ್ ಶುರುವಾಗುವ ಮೊದಲೇ ಮನೆಯಲ್ಲಿ ಕೇಳಿ, ಊಟ ಆಯ್ತಾ, ಮಗು ಮಲಗಿತಾ ಅಂತ. ಎಷ್ಟು ಹೊತ್ತು ಅನ್ನುವುದನ್ನು ನಿಮಿಷದಲ್ಲಿ ಹೇಳಬೇಡಿ, "ಇವತ್ತು ಎರಡು ಮ್ಯಾಚ್" ಅನ್ನಿ, ಎರಡು ಮುಗಿದ ಕೂಡಲೇ ಏಳಿ. ಇನ್ನೊಂದು ಮಾತು, ನಿಮಗೆ ಸಿಗುವ ಒಂದು ಗಂಟೆ ಬಿಡುವು ಹೆಂಡತಿಗೂ ಸಿಗುತ್ತಿದೆಯಾ? ಬಹಳ ಮನೆಗಳಲ್ಲಿ ಸಿಟ್ಟಿನ ಬೇರು ಇಲ್ಲೇ ಇರುತ್ತದೆ, ಗೇಮ್ ಬರೀ ನೆಪ.

ಕಾಯಿಲೆ ಅನ್ನುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಅಲ್ಲಿ ವಯಸ್ಸಿನ ಮಿತಿ ಇಲ್ಲ, ದಿನಕ್ಕೆ ಇಷ್ಟು ಗಂಟೆ ಅಂತಲೂ ಇಲ್ಲ. ಹಿಡಿತ ತಪ್ಪಿದೆಯಾ, ಉಳಿದೆಲ್ಲಕ್ಕಿಂತ ಆಟವೇ ಮುಖ್ಯ ಆಗಿದೆಯಾ, ಕೆಲಸ-ಸಂಸಾರ ಹಾಳಾಗುತ್ತಿದ್ದರೂ ಬಿಡಲಾಗುತ್ತಿಲ್ಲವಾ, ಸಾಮಾನ್ಯವಾಗಿ 12 ತಿಂಗಳಿಂದ ಹೀಗಿದೆಯಾ ಅಂತ ನೋಡುತ್ತೇವೆ. ಹೌದು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್ನೆಟ್, ಗೇಮ್ ಗೀಳಿಗೇ ಅಂತ ಶಟ್ ಕ್ಲಿನಿಕ್ ಇದೆ.

ದುಡ್ಡು ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಆ್ಯಪ್‌ಗಳನ್ನು ಇದರ ಜೊತೆ ಸೇರಿಸಬೇಡಿ. ಅವನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಅದರಲ್ಲಿ ಸಾಲ ಆಗಿದ್ದರೆ ಪೂರ್ತಿ ಲೆಕ್ಕವನ್ನು ಮನೆಯವರ ಮುಂದಿಡಿ, ಆಪ್ತಸಮಾಲೋಚನೆಗೆ ಅವರನ್ನೂ ಕರೆದುಕೊಂಡೇ ಬನ್ನಿ.