ಒಂದೇ ಗುಳಿಗೆಯೊಳಗೆ ಇಬ್ಬರು

ಸೊಪ್ಪಿನ ಬೆಟ್ಟದಿಂದ ಬಂದ ಮರುದಿನ ಭಾವನಿಗೆ ಏನೂ ಆಗಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮುಂಗೈ ಮೇಲೆ ಗೀರೆಳೆದ ಹಾಗೆ ಸಾಲುಗುಳ್ಳೆ. ಸಂಜೆಗೆ ಕಣ್ಣುರೆಪ್ಪೆ ಊದಿ ಅರ್ಧ ಮುಚ್ಚಿತ್ತು. "ಕೇರು ಮರದ ಸೊನೆ ತಾಗಿದೆ" ಎಂದರು ಅತ್ತೆ. ಭಾವ ಒಪ್ಪಲಿಲ್ಲ. ಕೊಂಬೆ ಕಡಿದು ಎರಡು ದಿನವಾಗಿತ್ತಲ್ಲ! ಮದುವೆಮನೆಯ ಬದನೆಕಾಯಿ ನಂಜಾಗಿದೆ ಎಂದು ತೀರ್ಮಾನಿಸಿ, ಸಾಗರದ ಪೇಟೆಯಿಂದ 'ಅಲರ್ಜಿ ಗುಳಿಗೆ' ತಂದುಕೊಂಡ.

ಗುಳಿಗೆಯ ಹಾಳೆಯ ಬೆನ್ನಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಹೆಸರುಗಳಿದ್ದವು: ಡೆಕ್ಸ್‌ಕ್ಲೋರ್‌ಫೆನಿರಮೈನ್ 2 ಮಿಲಿಗ್ರಾಂ, ಬೀಟಾಮೆಥಾಸೋನ್ 0.25 ಮಿಲಿಗ್ರಾಂ. ಮೊದಲನೆಯದು ಆಂಟಿಹಿಸ್ಟಮಿನ್, ಎರಡನೆಯದು ಸ್ಟೀರಾಯ್ಡ್. ಭಾವನಿಗೆ ಎರಡೂ ಗೊತ್ತಿರಲಿಲ್ಲ. ತಿಂದರೆ ನಿದ್ದೆ ಬರುತ್ತದೆ ಎಂಬುದಷ್ಟೇ ಗೊತ್ತಿತ್ತು. ಆ ನಿದ್ದೆ ಮೊದಲನೆಯದರ ಕೊಡುಗೆ.

ಹಿಸ್ಟಮಿನ್ ಎಂಬುದು ನಮ್ಮ ಚರ್ಮದ ಮಾಸ್ಟ್ ಕೋಶಗಳು ಕಟ್ಟಿಟ್ಟುಕೊಂಡಿರುವ ರಾಸಾಯನಿಕ. ಅವು ಕೆರಳಿದಾಗ ಅದು ಹೊರಚೆಲ್ಲಿ, ರಕ್ತನಾಳದ ಮತ್ತು ನರದ ಮೇಲಿರುವ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಚರ್ಮ ಕೆಂಪಾಗುತ್ತದೆ, ಉಬ್ಬುತ್ತದೆ, ತುರಿಸುತ್ತದೆ. ಆಂಟಿಹಿಸ್ಟಮಿನ್ ಅದನ್ನು ನಾಶ ಮಾಡುವುದಿಲ್ಲ. ಶಿವಮೊಗ್ಗದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಕೆಲಸ. ಹಿಸ್ಟಮಿನ್ ಹತ್ತಿದರೂ ಕೂರಲು ಜಾಗವಿಲ್ಲ. ಸ್ಟೀರಾಯ್ಡ್ ಮಾಡುವುದು ಬೇರೆಯದನ್ನು. ಅದು ನೇರ ಡಿಪೋಗೆ ಹೋಗಿ ಬಸ್ಸು ಹೊರಡುವುದನ್ನೇ ತಡೆಯುತ್ತದೆ. ಕೋಶಕೇಂದ್ರದೊಳಗೆ ಹೊಕ್ಕು, ಉರಿಯೂತದ ಸಾಮಗ್ರಿ ತಯಾರಿಸುವ ಜೀನ್‌ಗಳನ್ನು ಸುಮ್ಮನಾಗಿಸುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಕು. ಟವೆಲ್ಲಿನ ಕೆಲಸ ಒಂದೆರಡು ಗಂಟೆಯೊಳಗೇ ತಿಳಿಯುತ್ತದೆ.

ಇಬ್ಬರ ಮನೆತನವೂ ಬೇರೆ. ಮೊದಲ ಆಂಟಿಹಿಸ್ಟಮಿನ್ 1937ರಲ್ಲಿ ಪ್ಯಾರಿಸ್‌ನ ಪಾಸ್ಟರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಅವರ ಬಳಿ ರೂಪುಗೊಂಡಿತು. ಸ್ಟೀರಾಯ್ಡ್‌ಗಳ ಹಿರಿಯಣ್ಣ ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೊದಲು ಕೊಟ್ಟದ್ದು ತುರಿಕೆಗಲ್ಲ, ಕೀಲುವಾತದ ರೋಗಿಗೆ. ಬೇಗ ನೆರವಿಗೆ ಬರುವವನನ್ನೂ ನಿಧಾನವಾಗಿ ಬೇರಿಗೆ ಹೋಗುವವನನ್ನೂ ಕೂಡಿಸಿದರೆ ಸ್ಟೀರಾಯ್ಡ್ ಕಡಿಮೆ ಸಾಕಾದೀತು ಎಂಬ ಎಣಿಕೆಯಿಂದ ಈ ಜೋಡಿ ಹುಟ್ಟಿತು. ಎಣಿಕೆ ತಪ್ಪಲ್ಲ. ಎಲ್ಲ ತುರಿಕೆಗೂ ಹೊಂದುವುದಿಲ್ಲ, ಅಷ್ಟೇ.

ನಮ್ಮ ಕಡೆಯ ಪಿತ್ತದ ಗಂಧೆಯನ್ನೇ ನೋಡಿ. ಕಂಬಳಿಯಲ್ಲಿ ಉಜ್ಜಿ, ಮುರುಗಲು ಸಿಪ್ಪೆಯ ಪಾನಕ ಕುಡಿಸುವ ಕಾಯಿಲೆ ಅದು. ಎದ್ದ ಒಂದು ದದ್ದಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಬಿಡಿ. ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಯೊಳಗೆ ಗೆರೆಯೊಳಗಿನ ದದ್ದು ಮಾಯವಾಗಿ, ಇನ್ನೆಲ್ಲೋ ಹೊಸದು ಎದ್ದಿರುತ್ತದೆ. ಇದು ಬಹುಮಟ್ಟಿಗೆ ಹಿಸ್ಟಮಿನ್ನಿನ ಆಟ. ಸೆಟ್ರಿಜಿನ್‌ನಂಥ, ನಿದ್ದೆ ಕಡಿಮೆ ತರಿಸುವ ಆಂಟಿಹಿಸ್ಟಮಿನ್ ಒಂದೇ ಹೆಚ್ಚಿನವರಿಗೆ ಸಾಕು. ವಿಪರೀತವಾದಾಗ ಮಾತ್ರ ವೈದ್ಯರು ಕೆಲವೇ ದಿನ ಸ್ಟೀರಾಯ್ಡ್ ಸೇರಿಸುತ್ತಾರೆ. ತುಟಿ ನಾಲಿಗೆ ಊದಿ ಉಸಿರು ಕಟ್ಟಿದರೆ ಈ ಎರಡನ್ನೂ ನಂಬಿ ಕೂರುವಂತಿಲ್ಲ. ಆಗ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು, ಅದೂ ತಡಮಾಡದೆ.

ಕೇರಿನ ಸೊನೆಯ ಕತೆಯೇ ಬೇರೆ. ಕೇರು, ಗೋಡಂಬಿ, ಮಾವು ಒಂದೇ ಸಸ್ಯಕುಟುಂಬದವು. ಅವುಗಳ ಸೊನೆಯ ಎಣ್ಣೆಯಂಥ ಅಂಶ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಿಂದೊಮ್ಮೆ ಅದರ ಪರಿಚಯವಾಗಿ ನೆನಪಿಟ್ಟುಕೊಂಡಿರುವ ಟಿ ಕೋಶಗಳೆಂಬ ದೇಹದ ಕಾವಲುಗಾರರು ಒಂದೆರಡು ದಿನದಲ್ಲಿ ಅಲ್ಲಿಗೆ ಜಮಾಯಿಸುತ್ತಾರೆ. ಭಾವನ ಲೆಕ್ಕ ತಪ್ಪಿದ್ದು ಇಲ್ಲೇ. ಬದನೆಕಾಯಿ ಪಾಪ, ವಿನಾಕಾರಣ ಬೈಸಿಕೊಂಡಿತು. ಈ ಗುಳ್ಳೆಗಳಲ್ಲಿ ಹಿಸ್ಟಮಿನ್ನಿನ ಪಾತ್ರ ಅಲ್ಪ. ಟವೆಲ್ ಹಾಕಿದವನು ನಿದ್ದೆ ತರಿಸಬಲ್ಲನೇ ಹೊರತು ಗುಳ್ಳೆ ಇಳಿಸಲಾರ. ಕೆಲಸ ಮಾಡಬೇಕಾದವನು ಸ್ಟೀರಾಯ್ಡ್.

ಹಾಗಾದರೆ ಗುಳಿಗೆಯಲ್ಲಿ ಅದು ಇತ್ತಲ್ಲ? ಇತ್ತು, ಆದರೆ ಲೆಕ್ಕ ಹಾಕಿ. 0.25 ಮಿಲಿಗ್ರಾಂ ಬೀಟಾಮೆಥಾಸೋನ್ ಎಂದರೆ, ವೈದ್ಯರು ಅಳತೆಗೋಲಾಗಿ ಬಳಸುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ ಸುಮಾರು 2 ಮಿಲಿಗ್ರಾಂಗೆ ಸಮ. ದಿನಕ್ಕೆ ನಾಲ್ಕು ನುಂಗಿದರೂ 8 ಮಿಲಿಗ್ರಾಂ. ಮುಖ ಊದಿದ ಇಂಥ ಕೇಸಿಗೆ ವೈದ್ಯರು ಸಾಮಾನ್ಯವಾಗಿ 40 ಮಿಲಿಗ್ರಾಂ ಆಸುಪಾಸಿನಲ್ಲಿ ಶುರುಮಾಡಿ, ಎರಡು ಮೂರು ವಾರದಲ್ಲಿ ಮೆಲ್ಲಗೆ ಇಳಿಸುತ್ತಾರೆ. ಐದೇ ದಿನಕ್ಕೆ ನಿಲ್ಲಿಸಿದರೆ ಮರುಕಳಿಸುವುದುಂಟು. ಇನ್ನೊಂದು ಕಡೆ, ಅದೇ 8 ಮಿಲಿಗ್ರಾಂ ನಮ್ಮ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಿನವೂ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸೋಲ್‌ಗಿಂತ ಪರಿಣಾಮದಲ್ಲಿ ಹೆಚ್ಚು. ತಿಂಗಳುಗಟ್ಟಲೆ ತಿಂದರೆ ಗ್ರಂಥಿ ಕೆಲಸ ಮರೆಯುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಬೇಕಾದಾಗ ಸಾಲದು, ಬೇಡವಾದಾಗ ಜಾಸ್ತಿ. ಒಂದನ್ನು ಹೆಚ್ಚಿಸಬೇಕೆಂದರೆ ಇನ್ನೊಂದೂ ಹೆಚ್ಚುತ್ತದೆ. ಈ ಜೋಡಿಯ ಮೇಲೆ ನನಗಿರುವ ತಕರಾರು ಇದೇ. ಬೇರೆ ಬೇರೆಯಾಗಿ ಬರೆದುಕೊಟ್ಟರೆ ವೈದ್ಯರ ಕೈಗೆ ಎರಡು ಲಗಾಮು ಸಿಗುತ್ತವೆ.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ನಾಲ್ಕು ತಿಂಗಳು ಬಟ್ಟೆ ಒಣಗದ ನಮ್ಮೂರುಗಳಲ್ಲಿ ತೊಡೆಸಂದಿಯ ಹುಳುಕಡ್ಡಿಯೂ 'ಅಲರ್ಜಿ'ಯೇ. ಅದು ಶಿಲೀಂಧ್ರ. ಸ್ಟೀರಾಯ್ಡ್ ಬಿದ್ದರೆ ತುರಿಕೆ ಅಡಗಿ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ.

ಭಾವ ನಾಲ್ಕನೆಯ ದಿನ ವೈದ್ಯರಲ್ಲಿಗೆ ಹೋದ, ಮೂರನೆಯ ವಾರ ಸಿಪ್ಪೆ ಸುಲಿದು ಚರ್ಮ ತಿಳಿಯಾಯಿತು. ಮುಂದಿನ ಸಲ ಬೆಟ್ಟಕ್ಕೆ ಹೋಗುವಾಗ ಸೋಪಿನ ತುಂಡು ಜೇಬಿನಲ್ಲಿತ್ತು. ಸೊನೆ ತಾಗಿದ ಹತ್ತು ನಿಮಿಷದೊಳಗೆ ಹಳ್ಳದಲ್ಲಿ ತೊಳೆದರೆ ಬಹಳಷ್ಟು ಹೋಗುತ್ತದೆ. ಆದರೂ ನಾಲ್ಕು ದಿನಕ್ಕೆ ಬಲ ಅಂಗೈಯಲ್ಲಿ ಮತ್ತೆ ಗುಳ್ಳೆ. ಕೈ ತೊಳೆದಿದ್ದ, ಕತ್ತಿಯ ಹಿಡಿಯನ್ನು ತೊಳೆದಿರಲಿಲ್ಲ.