ತುಂಬಿದ ಟ್ಯಾಂಕಿನಲ್ಲಿ ಮಳೆಗೆ ಜಾಗವಿಲ್ಲ

ಒಂದು ಮಿಲಿಮೀಟರ್ ಮಳೆ ಅಂದರೆ ಎಷ್ಟು ನೀರು? ಹವಾಮಾನ ವರದಿಯಲ್ಲಿ ಮಿಲಿಮೀಟರ್ ಲೆಕ್ಕ ಕೇಳುತ್ತಲೇ ಇರುತ್ತೇವೆ. ಅದನ್ನು ಲೀಟರಿಗೆ ತಿರುಗಿಸಿ ನೋಡುವವರು ಕಮ್ಮಿ. ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಎತ್ತರಕ್ಕೆ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. 80 ಚದರ ಮೀಟರ್ ಛಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ 1,600 ಲೀಟರ್. ಅಷ್ಟೂ ಕೈಗೆ ಸಿಗುವುದಿಲ್ಲ. ಛಾವಣಿ ಒದ್ದೆಯಾಗುವುದಕ್ಕೇ ಸ್ವಲ್ಪ ಬೇಕು, ಸ್ವಲ್ಪ ಆವಿಯಾಗುತ್ತದೆ, ಒಂದಷ್ಟು ಆಚೀಚೆ ಸಿಡಿದು ಹೋಗುತ್ತದೆ. ತಗಡು, ಕಾಂಕ್ರೀಟಿನಂಥ ಛಾವಣಿಯಿಂದ ಸಾಮಾನ್ಯವಾಗಿ ನೂರಕ್ಕೆ 80ರಿಂದ 90 ಭಾಗ ಹರಿದು ಬರುತ್ತದೆ. 85 ಎಂದು ಹಿಡಿದರೆ 1,360 ಲೀಟರ್. ಅದೂ ಒಂದೇ ಮಳೆಗೆ!

ಇಳಿಜಾರು ಛಾವಣಿ ಇದ್ದವರು ಹೊದಿಕೆಯ ಪೂರ್ತಿ ಅಳತೆ ಹಿಡಿಯಬಾರದು. ಛಾವಣಿ ನೆಲದ ಮೇಲೆ ಎಷ್ಟು ಜಾಗವನ್ನು ಮುಚ್ಚುತ್ತದೆಯೋ ಅಷ್ಟೇ ಲೆಕ್ಕಕ್ಕೆ ಬರುವುದು. ಮಳೆ ಅಳೆಯಲು ದೊಡ್ಡ ಉಪಕರಣವೇನೂ ಬೇಡ. ಚಪ್ಪಟೆ ತಳದ, ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನು ಮರ, ಗೋಡೆ ಅಡ್ಡ ಬಾರದ ಕಡೆ ಇಡಿ. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿ ನೋಡಿ. ಡಬ್ಬಿ ಅಗಲವಿದ್ದರೂ ಕಿರಿದಿದ್ದರೂ ಎತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ.

ಈ ಲೆಕ್ಕ ಗೊತ್ತಾದ ಕೂಡಲೇ ಬರುವ ಯೋಚನೆ ಒಂದೇ: ಟ್ಯಾಂಕ್ ತರೋಣ, ತುಂಬಿಸಿ ಇಡೋಣ, ನೀರಿಲ್ಲದ ಕಾಲಕ್ಕೆ ಬಳಸೋಣ. ನನ್ನ ತಕರಾರು ಇರುವುದು ಇಲ್ಲೇ.

ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡಕ್ಕೂ 80 ಚದರ ಮೀಟರ್ ಛಾವಣಿ, 1,000 ಲೀಟರಿನ ಟ್ಯಾಂಕ್. ಮಳೆಗಾಲ 100 ದಿನ, ಐದು ದಿನಕ್ಕೊಮ್ಮೆ 20 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳೋಣ. ಮೊದಲ ಮನೆಯವರು ಮೊದಲ ಮಳೆಗೇ ಟ್ಯಾಂಕ್ ತುಂಬಿಸಿ, ಮುಚ್ಚಳ ಹಾಕಿ, ಜೋಪಾನವಾಗಿ ಇಟ್ಟುಬಿಡುತ್ತಾರೆ. ಆಮೇಲೆ ಬಂದ 19 ಮಳೆಯೂ ಚರಂಡಿ ಪಾಲು. ಎರಡನೇ ಮನೆಯವರು ಅದೇ ನೀರನ್ನು ಅವತ್ತಿನಿಂದಲೇ ಟಾಯ್ಲೆಟ್ ಫ್ಲಶ್‌ಗೆ ಬಳಸುತ್ತಾರೆ. ನಾಲ್ಕು ಜನ, ತಲೆಗೆ ದಿನಕ್ಕೆ ಐದು ಸಲ, ಸಲಕ್ಕೆ 8 ಲೀಟರ್ ಅಂದರೆ ದಿನಕ್ಕೆ 160 ಲೀಟರ್. ಐದು ದಿನಕ್ಕೆ 800 ಲೀಟರ್ ಖಾಲಿ. ಮುಂದಿನ ಮಳೆ ಅಷ್ಟನ್ನೂ ಮತ್ತೆ ತುಂಬಿಕೊಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊದಲ ಮನೆಗೆ ದಕ್ಕಿದ್ದು 1,000 ಲೀಟರ್, ಎರಡನೆಯದಕ್ಕೆ ಸುಮಾರು 16,000 ಲೀಟರ್. ಟ್ಯಾಂಕ್ ಅದೇ, ಮಳೆಯೂ ಅದೇ. ಮಳೆನೀರು ಬಳಸಿದಷ್ಟೂ ಬಾವಿಯಿಂದಲೋ ನಲ್ಲಿಯಿಂದಲೋ ಎತ್ತಬೇಕಾದ ನೀರು ಅಲ್ಲೇ ಉಳಿಯುತ್ತದೆ. ನಿಜವಾದ ಉಳಿತಾಯ ಅದು.

ಬೇರೆ ನೀರೇ ಇಲ್ಲದ ಕಡೆ ಮಾತು ಬೇರೆ. ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪಗಳಲ್ಲಿ ನದಿಯೂ ಇಲ್ಲ, ಸಿಹಿನೀರಿನ ಕೆರೆಯೂ ಇಲ್ಲ. ಅಲ್ಲಿನ ಮನೆಗಳ ಛಾವಣಿಯನ್ನು ಸುಣ್ಣಕಲ್ಲಿನ ಮೆಟ್ಟಿಲುಗಳ ಹಾಗೆ ಕಟ್ಟಿ ಬಿಳಿ ಬಳಿದಿರುತ್ತಾರೆ. ಜೋರು ಮಳೆಯ ಓಟ ಆ ಮೆಟ್ಟಿಲುಗಳ ಮೇಲೆ ನಿಧಾನವಾಗಿ, ನೀರು ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ. ಅಂಥ ಕಡೆ ತೊಟ್ಟಿ ದೊಡ್ಡದೇ ಇರಬೇಕು. ಆದರೆ ಬೇರೆ ನೀರಿನ ಸೌಕರ್ಯವೂ ಇರುವ ಮನೆಗೆ ಸಣ್ಣ ಟ್ಯಾಂಕ್ ಕೂಡ ಒಳ್ಳೆಯ ಆರಂಭ. ದಿನಾ ಬಳಸಬೇಕು, ಅಷ್ಟೇ.

ದಿನಾ ಬಳಸಬೇಕು ಅಂದರೆ ಆ ನೀರಿನ ಮೇಲೆ ನಂಬಿಕೆ ಬೇಕಲ್ವಾ? ಮಳೆನೀರು ಪರಿಶುದ್ಧ ಅನ್ನುವವರೂ ಇದ್ದಾರೆ, ಅದರಲ್ಲಿ ಬರೀ ಕೊಳೆ ಅನ್ನುವವರೂ ಇದ್ದಾರೆ. ಯಾವ ಹಂತದ ನೀರನ್ನು ನೋಡುತ್ತಿದ್ದೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮೋಡದಲ್ಲಿ ಹನಿ ಹುಟ್ಟುವುದೇ ಧೂಳಿನ ಕಣವನ್ನೋ ಸಮುದ್ರದ ಉಪ್ಪಿನ ಕಣವನ್ನೋ ಹಿಡಿದುಕೊಂಡು. ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುತ್ತದೆ. ಹಾಗಾಗಿ ಮಾಲಿನ್ಯವೇ ಇಲ್ಲದ ಮಳೆಯೂ ಸ್ವಲ್ಪ ಹುಳಿ, ಹುಳಿಯ ಅಳತೆಯಾದ ಪಿಎಚ್ ಸುಮಾರು 5.6 (7ಕ್ಕಿಂತ ಕಮ್ಮಿ ಇದ್ದರೆ ಹುಳಿ). ಇಷ್ಟಾದರೂ, ಬಹಳಷ್ಟು ಕಡೆ ಛಾವಣಿ ಮುಟ್ಟುವ ತನಕ ಅದರಲ್ಲಿ ಲವಣವೂ ಕಮ್ಮಿ, ರೋಗಾಣುವೂ ಕಮ್ಮಿ. ಕೊಳೆಯೆಲ್ಲ ಸೇರುವುದು ಛಾವಣಿಯಲ್ಲಿ. ಹಕ್ಕಿಗಳ ಹಿಕ್ಕೆ, ಕೊಳೆತ ಎಲೆ, ವಾಹನಗಳ ಮಸಿ, ಸತ್ತ ಹುಳ. ಹಿಕ್ಕೆಯ ಜೊತೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಬರಬಹುದು. ಮಳೆ ಇಲ್ಲದ ದಿನಗಳು ಹೆಚ್ಚಿದಷ್ಟೂ ಛಾವಣಿಯ ಮೇಲೆ ಇದೆಲ್ಲ ಕೂಡುತ್ತಾ ಹೋಗುತ್ತದೆ.

ಆ ಕೊಳೆಯ ಬಹುಪಾಲು ಮೊದಲ ಕೆಲವು ನಿಮಿಷಗಳ ನೀರಿನಲ್ಲೇ ತೊಳೆದು ಬಂದುಬಿಡುತ್ತದೆ. ಅದನ್ನು ಟ್ಯಾಂಕಿಗೆ ಬಿಡದೆ ಹೊರಗೆ ಹಾಕುವ ವ್ಯವಸ್ಥೆಗೆ ಫಸ್ಟ್ ಫ್ಲಶ್ ಎನ್ನುತ್ತಾರೆ. ಛಾವಣಿಯಿಂದ ಇಳಿದ ಪೈಪು ಟ್ಯಾಂಕಿನ ಕಡೆ ತಿರುಗುವ ಮೊದಲು, ನೆಟ್ಟಗೆ ಕೆಳಗೆ ಇಳಿಯುವ ಇನ್ನೊಂದು ಪೈಪನ್ನು ಜೋಡಿಸಿ ಅದರ ತಳ ಮುಚ್ಚಿರುತ್ತಾರೆ. ಮೊದಲ ನೀರು ಅಲ್ಲಿಗೆ ಬೀಳುತ್ತದೆ. ಅದರೊಳಗೊಂದು ತೇಲುವ ಚೆಂಡು. ನೀರು ಏರಿದಂತೆ ಚೆಂಡೂ ಏರಿ, ಪೈಪಿನ ಕುತ್ತಿಗೆಗೆ ಬಂದು ಕೂತು ಬಾಯಿ ಮುಚ್ಚುತ್ತದೆ. ಆಮೇಲೆ ಬರುವ ನೀರು ಟ್ಯಾಂಕಿನ ದಾರಿ ಹಿಡಿಯುತ್ತದೆ. ತಳದಲ್ಲಿ ಸಣ್ಣ ತೂತು ಇಟ್ಟಿದ್ದರೆ ಕೊಳೆನೀರು ತೊಟ್ಟಿಕ್ಕಿ ಖಾಲಿಯಾಗಿ, ಮುಂದಿನ ಮಳೆಗೆ ಪೈಪು ತಯಾರು. ಕರೆಂಟ್ ಬೇಡ, ಯಾರೂ ಓಡಿಹೋಗಿ ವಾಲ್ವ್ ತಿರುಗಿಸುವುದೂ ಬೇಡ. ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಈ ಚೆಂಡು.

ಆದರೆ ಬಹಳ ಕಡೆ ಈ ಪೈಪಿನ ಅಳತೆಯೇ ತಪ್ಪಿರುತ್ತದೆ. ಛಾವಣಿ ತೊಳೆಯಲು ಅರ್ಧದಿಂದ ಎರಡು ಮಿಲಿಮೀಟರ್ ಮಳೆ ಬೇಕು ಎನ್ನುವುದು ರೂಢಿಯ ಲೆಕ್ಕ. ಒಂದು ಮಿಲಿಮೀಟರ್ ಎಂದರೂ 80 ಚದರ ಮೀಟರಿಗೆ 80 ಲೀಟರ್ ಹೊರಗೆ ಹೋಗಬೇಕು. ಒಳಗಡೆ 100 ಮಿಲಿಮೀಟರ್ ಅಗಲವಿರುವ ಪೈಪು ಒಂದು ಮೀಟರ್ ಉದ್ದಕ್ಕೆ ಹಿಡಿಯುವುದು 8 ಲೀಟರಿಗಿಂತ ಸ್ವಲ್ಪ ಕಮ್ಮಿ. ಅಷ್ಟು ಪೈಪು ಹಾಕಿ ಸುಮ್ಮನಾದರೆ ತೊಳೆದದ್ದು ಬರೀ 0.1 ಮಿಲಿಮೀಟರ್ ಮಳೆಯಲ್ಲಿ. ಉಳಿದ ಕೊಳೆಯೆಲ್ಲ ಟ್ಯಾಂಕಿಗೇ ಇಳಿಯುತ್ತದೆ. ಹತ್ತು ಮೀಟರ್ ಪೈಪು ನಿಲ್ಲಿಸಲು ಆಗುತ್ತದೆಯೇ? ಅದರ ಬದಲು ಅಗಲವಾದ ಪೈಪು ಹಾಕಬಹುದು. ಅಗಲ ಎರಡರಷ್ಟಾದರೆ ಹಿಡಿಯುವ ನೀರು ನಾಲ್ಕರಷ್ಟಾಗುತ್ತದೆ. ಮೊದಲ ನೀರಿಗೆಂದೇ 100 ಲೀಟರಿನ ಡ್ರಮ್ ಇಟ್ಟರೆ ಇನ್ನೂ ಸುಲಭ. ಆ ನೀರನ್ನೂ ಹೂಗಿಡಗಳಿಗೆ ಹಾಕಬಹುದು.

ಎಷ್ಟು ಸೋಸಿದರೂ ಸಣ್ಣ ಮಣ್ಣಿನ ಕಣಗಳು ಟ್ಯಾಂಕಿಗೆ ಬಂದೇ ಬರುತ್ತವೆ. ಅವನ್ನು ಇಳಿಸುವ ಕೆಲಸವನ್ನು ಟ್ಯಾಂಕೇ ಮಾಡುತ್ತದೆ, ನೀರನ್ನು ಅಲ್ಲಾಡಿಸದೆ ಬಿಟ್ಟರೆ. ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರವೊಂದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ದ್ರವದಲ್ಲಿ ಸಣ್ಣ ಕಣ ಮುಳುಗುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕಣ ಹತ್ತು ಪಟ್ಟು ಚಿಕ್ಕದಾದರೆ ಮುಳುಗುವುದು ನೂರು ಪಟ್ಟು ನಿಧಾನ. 0.01 ಮಿಲಿಮೀಟರಿನ ಮಣ್ಣಿನ ಕಣ ಒಂದು ಮೀಟರ್ ಇಳಿಯಲು ಸುಮಾರು ಮೂರು ಗಂಟೆ ಬೇಕು. 0.001 ಮಿಲಿಮೀಟರಿನ ಜೇಡಿಮಣ್ಣಿನ ಕಣಕ್ಕೆ ಹೆಚ್ಚುಕಡಿಮೆ ಹದಿಮೂರು ದಿನ. ಅಷ್ಟರಲ್ಲಿ ಇನ್ನೊಂದು ಮಳೆ ಬಂದು ನೀರು ಮೇಲಿಂದ ಧುಮುಕಿದರೆ? ತಳದ ಬಗ್ಗಡವೆಲ್ಲ ಎದ್ದು ಕೆಲಸ ಮೊದಲಿಗೇ ಬರುತ್ತದೆ.

ಅದಕ್ಕೇ ಒಳಬರುವ ಪೈಪನ್ನು ತಳದ ಹತ್ತಿರದವರೆಗೆ ಇಳಿಸಿ, ಕೊನೆಯಲ್ಲಿ ಬೆಂಡ್ ಹಾಕಿ ಬಾಯಿಯನ್ನು ಮೇಲ್ಮುಖ ಮಾಡಬೇಕು. ಆಗ ಹೊಸ ನೀರು ಮೆಲ್ಲಗೆ ಮೇಲಕ್ಕೆ ಉಕ್ಕುತ್ತದೆ, ಗಸಿ ಕದಡುವುದಿಲ್ಲ. ಬಳಸುವ ನೀರನ್ನು ತಳದಿಂದ ತೆಗೆಯಬಾರದು. ತೇಲುಬುರುಡೆಗೆ ಕಟ್ಟಿದ ಮೆದು ಪೈಪಿನಿಂದ, ನೀರಿನ ಮೇಲ್ಮೈಗಿಂತ ನಾಲ್ಕೈದು ಇಂಚು ಕೆಳಗಿನಿಂದ ತೆಗೆದರೆ ಒಳ್ಳೆಯದು. ಮೇಲ್ಮೈಯಲ್ಲಿ ತೇಲುವ ಕಸವೂ ಬರುವುದಿಲ್ಲ, ತಳದ ಗಸಿಯೂ ಬರುವುದಿಲ್ಲ. ಎರಡಕ್ಕೂ ದೊಡ್ಡ ಖರ್ಚಿಲ್ಲ. ಹಾಗಿದ್ದೂ ಎಷ್ಟೋ ಕಡೆ ದುಬಾರಿ ಫಿಲ್ಟರ್ ಹಾಕಿಸಿ, ಒಳಗಡೆ ನೀರು ಧಬಧಬ ಬೀಳುವಂತೆ ಪೈಪು ಬಿಟ್ಟಿರುತ್ತಾರೆ. ನೋಡಿದಾಗ ಬೇಸರವಾಗುತ್ತದೆ.

ಮರಳಿನಲ್ಲಿ ಸೋಸುವುದು ಹಳೇ ಕಾಲದ ಜಾಣತನ. ಉಪ್ಪುನೀರಿನ ಮಧ್ಯೆ ಇರುವ ವೆನಿಸ್ ನಗರ ಶತಮಾನಗಳ ಕಾಲ ನೆಚ್ಚಿಕೊಂಡಿದ್ದು ಮಳೆನೀರನ್ನೇ. ಊರಿನ ಚೌಕಗಳ ಕೆಳಗೆ ಗುಂಡಿ ತೋಡಿ, ಜೇಡಿಮಣ್ಣು ಮೆತ್ತಿ, ಮರಳು ತುಂಬಿ, ನಡುವೆ ಬಾವಿ ಕಟ್ಟುತ್ತಿದ್ದರು. ಚೌಕದ ಮೇಲೆ ಬಿದ್ದ ಮಳೆ ಮರಳಿನಲ್ಲಿ ಇಳಿದು ಬಾವಿಗೆ ಬರುತ್ತಿತ್ತು. 1884ರಲ್ಲಿ ಕೊಳವೆ ನೀರು ಬಂದ ಮೇಲೆ ಈ ಬಾವಿಗಳ ಕೆಲಸ ಮುಗಿಯಿತು. ಮನೆಯ ಮರಳು ಫಿಲ್ಟರೂ ಇದೇ ತತ್ವದ್ದು. ಒಂದೇ ತೊಂದರೆ, ಅದನ್ನು ಆಗಾಗ ತೊಳೆಯದಿದ್ದರೆ ಕಟ್ಟಿಕೊಂಡು ಮಳೆಯೆಲ್ಲ ಹೊರಗೆ ಉಕ್ಕುತ್ತದೆ.

ಟ್ಯಾಂಕಿನ ಗೋಡೆಗೆ ತೆಳು ಲೋಳೆ ಹಿಡಿದಿದೆ ಎಂದು ಕೆಲವರು ತಿಂಗಳಿಗೊಮ್ಮೆ ತಿಕ್ಕಿ ತೊಳೆಯುತ್ತಾರೆ. ಅಷ್ಟು ಆತುರ ಬೇಡ. ಆ ಲೋಳೆ ಸೂಕ್ಷ್ಮಜೀವಿಗಳ ಪದರ. ನೀರಿನಲ್ಲಿರುವ ಲೋಹ, ಬ್ಯಾಕ್ಟೀರಿಯಾಗಳಲ್ಲಿ ಒಂದಷ್ಟನ್ನು ಅದು ತನಗೆ ಅಂಟಿಸಿಕೊಳ್ಳುತ್ತದೆ. ತಳದ ಗಸಿ ಹೆಚ್ಚಾದಾಗ ತೆಗೆದರೆ ಸಾಕು. ಹಸಿರು ಪಾಚಿಯ ಕಥೆ ಬೇರೆ. ಅದಕ್ಕೆ ಬೆಳಕು ಬೇಕು. ಬೆಳಕು ತೂರದ ಟ್ಯಾಂಕಿನಲ್ಲಿ ಅದು ಬೆಳೆಯುವುದಿಲ್ಲ.

ಸೊಳ್ಳೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯ ಹತ್ತಿರದ, ನಿಂತ, ತಿಳಿ ನೀರೇ ಪ್ರಿಯ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದು ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿರುತ್ತವೆ. ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ತೆರೆದ ಡ್ರಮ್ ಇಟ್ಟವರು ವಾರಕ್ಕೊಮ್ಮೆ ಖಾಲಿ ಮಾಡುವುದಷ್ಟೇ ಅಲ್ಲ, ಒಳಗೋಡೆಯನ್ನು ಬ್ರಶ್ ಹಾಕಿ ಉಜ್ಜಲೇಬೇಕು. ಮುಚ್ಚಿದ ಟ್ಯಾಂಕಿನಲ್ಲೂ ಗಾಳಿ ಆಡುವ ಬಾಯಿ, ಹೆಚ್ಚಿನ ನೀರು ಹೊರಹೋಗುವ ಪೈಪು, ಎಲ್ಲಕ್ಕೂ ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜಾಲರಿ ಬೇಕು. ಸೂರಿನ ದೋಣಿಯಲ್ಲಿ ನೀರು ನಿಲ್ಲುತ್ತಿದೆಯೇ ಎಂದೂ ಹತ್ತಿ ನೋಡಿ. ಟ್ಯಾಂಕ್ ಭದ್ರವಾಗಿದ್ದೂ ಸೊಳ್ಳೆ ಇದ್ದರೆ ಅವು ಅಲ್ಲಿ ಹುಟ್ಟುತ್ತಿರಬಹುದು.

ಇಷ್ಟಾದ ಮೇಲೆ ಬಳಕೆ ಸಲೀಸು. ಬಟ್ಟೆ ಒಗೆಯಲು ಮಳೆನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬೂದು ಗಸಿಯಾಗುತ್ತವೆ. ಸೋಪು ವ್ಯರ್ಥ, ಬಟ್ಟೆಯೂ ಬಿರುಸು. ಮಳೆನೀರಿನಲ್ಲಿ ಅವು ಬಹಳ ಕಮ್ಮಿ ಇರುವುದರಿಂದ ಸ್ವಲ್ಪ ಸೋಪಿಗೇ ನೊರೆ ಬರುತ್ತದೆ. ಬಿಸಿನೀರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದೂ ಕಮ್ಮಿ. ಗಿಡಗಳಿಗೆ ಕ್ಲೋರಿನ್ ಇಲ್ಲದ, ಲವಣ ಕೂಡದ ನೀರು. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಫ್ಲಶ್‌ಗೆ ಹಾಕಿದರೆ ಅದೇ ಮಳೆ ಎರಡು ಸಲ ಕೆಲಸ ಮಾಡಿದಂತೆ. ಒಂದು ಎಚ್ಚರ ಮಾತ್ರ ಇರಲಿ. ಮಳೆನೀರಿನ ಪೈಪನ್ನು ಕುಡಿಯುವ ನೀರಿನ ಪೈಪಿಗೆ ಎಲ್ಲೂ ಜೋಡಿಸಬೇಡಿ, ನಡುವೆ ವಾಲ್ವ್ ಇದ್ದರೂ ಬೇಡ. ಒತ್ತಡ ಕುಸಿದಾಗ ನೀರು ಹಿಂದಕ್ಕೆ ಹರಿಯಬಹುದು.

ಕುಡಿಯಬಹುದೇ ಅನ್ನುವ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಬೇರೆ ಒಳ್ಳೆಯ ನೀರು ಇದ್ದರೆ ಅದನ್ನೇ ಕುಡಿಯಿರಿ. ಕುಡಿಯಲೇಬೇಕಾದರೆ ಸೋಸಿ, ಒಂದು ನಿಮಿಷ ಕೊತಕೊತ ಕುದಿಸಿ. ಸೌದೆ, ಗ್ಯಾಸ್ ಇಲ್ಲದ ಕಡೆ ತಿಳಿ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ಆರು ಗಂಟೆ ಕಡು ಬಿಸಿಲಿಗೆ ಇಡುವ ಪದ್ಧತಿಯೂ ಇದೆ. ಸೂರ್ಯನ ಅತಿನೇರಳೆ ಕಿರಣ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಕುದಿತವಾಗಲಿ ಬಿಸಿಲಾಗಲಿ ಲೋಹ, ರಾಸಾಯನಿಕಗಳನ್ನು ತೆಗೆಯುವುದಿಲ್ಲ. ಮಳೆನೀರು ಹುಳಿಯೂ ಮೆದುವೂ ಆಗಿರುವುದರಿಂದ ಸೀಸ, ತಾಮ್ರ, ಸತುವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಸೀಸದ ಹಾಳೆ, ಹಳೆಯ ಸೀಸದ ಬಣ್ಣ, ಹಾಳಾದ ಆಸ್ಬೆಸ್ಟಾಸ್ ಶೀಟ್ ಇರುವ ಛಾವಣಿಯ ನೀರು ಕುಡಿಯಲು ಬೇಡವೇ ಬೇಡ. ಸಿಮೆಂಟಿನ ತೊಟ್ಟಿಯಲ್ಲಿ ಸುಣ್ಣದ ಅಂಶ ಬಿಟ್ಟು ಹುಳಿ ಕಮ್ಮಿಯಾಗುತ್ತದೆ, ಅದು ಒಳ್ಳೆಯದೇ. ಇನ್ನು 2022ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಕಡೆಯ ಮಳೆನೀರಿನ ಅಳತೆಗಳನ್ನು ಒಟ್ಟಿಗಿಟ್ಟು ನೋಡಿದರು. ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆಗಳ ತಯಾರಿಯಲ್ಲಿ ಬಳಕೆಯಾದ, ಸುಲಭಕ್ಕೆ ಒಡೆದು ನಾಶವಾಗದ ಪಿಎಫ್‌ಎಎಸ್ ರಾಸಾಯನಿಕಗಳು ಅಂಟಾರ್ಕ್ಟಿಕಾ, ಟಿಬೆಟ್‌ನಂಥ ದೂರದ ಜಾಗಗಳಲ್ಲೂ ಸಿಕ್ಕವು. ಅಮೆರಿಕ ಕುಡಿಯುವ ನೀರಿಗೆ ಆಗಷ್ಟೇ ಸೂಚಿಸಿದ್ದ ಮಟ್ಟಕ್ಕಿಂತ ಜಾಸ್ತಿ ಇದ್ದವು. ಕುಡಿಯುವುದಾದರೆ ಆಕ್ಟಿವೇಟೆಡ್ ಕಾರ್ಬನ್ ಅಥವಾ ಆರ್‌ಒ ಫಿಲ್ಟರ್ ಇವುಗಳನ್ನು ಬಹುಮಟ್ಟಿಗೆ ಹಿಡಿಯುತ್ತದೆ. ಫ್ಲಶ್‌ಗೆ, ಬಟ್ಟೆಗೆ, ನೆಲ ಒರೆಸಲು ಇದಾವುದರ ಚಿಂತೆಯೂ ಬೇಡ. ಮನೆಯ ನೀರಿನಲ್ಲಿ ದೊಡ್ಡ ಪಾಲು ಹೋಗುವುದೂ ಅವಕ್ಕೇ.