ಲೋನ್‌ಗೂ ಸ್ಯಾಂಕ್ಷನ್, ಶಿಕ್ಷೆಗೂ ಸ್ಯಾಂಕ್ಷನ್: ಇದೇನು ಒಂದೇ ಶಬ್ದವೇ?

ಪ್ರಶ್ನೆ: ‘ನಿಮ್ಮ ಲೋನ್ ಸ್ಯಾಂಕ್ಷನ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಮನೆಯಲ್ಲಿ ಪಾಯಸ ಮಾಡುತ್ತೇವೆ. ‘ರಷ್ಯಾ ಮೇಲೆ ಅಮೆರಿಕದ ಸ್ಯಾಂಕ್ಷನ್’ ಎಂದರೆ ಅದು ಶಿಕ್ಷೆ. ಎರಡೂ ಒಂದೇ ಶಬ್ದವೇ? ಇಂಗ್ಲಿಷಿನಲ್ಲಿ ಓದುವಾಗ ಯಾವ ಅರ್ಥ ಎಂದು ತಿಳಿಯುವುದು ಹೇಗೆ?

ಒಂದೇ ಶಬ್ದ. ಲ್ಯಾಟಿನ್ನಿನ ‘ಸಾಂಕೀರೆ’ ಇದರ ಬೇರು. ಮೀರಬಾರದ ಪವಿತ್ರ ಕಟ್ಟಳೆಯಾಗಿ ವಿಧಿಸು ಎಂದು ಅದರ ಅರ್ಥ. ‘ಸೇಂಟ್’ ಕೂಡ ಅದೇ ಬೇರಿನ ಚಿಗುರು. ಹಳೆಯ ರೋಮಿನಲ್ಲಿ ಸಾಮಾನ್ಯ ಜನರ ಪರ ನಿಲ್ಲುತ್ತಿದ್ದ ಟ್ರಿಬ್ಯೂನ್ ಎಂಬ ಅಧಿಕಾರಿಯನ್ನು ಇಂಥ ಕಟ್ಟಳೆ ವಿಧಿಸಿ ಕಾಯುತ್ತಿದ್ದರು. ಅವನ ಮೇಲೆ ಕೈಮಾಡಿದವನಿಗೆ ಕಾನೂನಿನ ಆಸರೆಯೇ ಇಲ್ಲವಾಗುತ್ತಿತ್ತು. ಕಟ್ಟಳೆ ಒಂದೇ, ಅದೇ ಒಬ್ಬನಿಗೆ ಕಾವಲು, ಇನ್ನೊಬ್ಬನಿಗೆ ದಂಡ.

ನಮ್ಮಲ್ಲೂ ಇಂಥ ಮಾತಿದೆ. ಜಪಕ್ಕೆ ಕೂತವರು ನ್ಯಾಸ, ಅಂದರೆ ಮಂತ್ರ ಹೇಳುತ್ತ ಅಂಗಗಳನ್ನು ಮುಟ್ಟಿಕೊಳ್ಳುವ ವಿಧಿ, ಮುಗಿಸುತ್ತ ‘ಭೂರ್ಭುವಸ್ಸುವರೋಮಿತಿ ದಿಗ್ಬಂಧಃ’ ಎನ್ನುತ್ತಾರೆ. ದಿಕ್ಕುಗಳನ್ನು ಕಟ್ಟುವುದು, ಒಳಗೆ ಕೂತವರಿಗೆ ರಕ್ಷೆಯಾಗಲಿ ಎಂದು. ಪತ್ರಿಕೆಗಳು ‘ಇರಾನ್ ಮೇಲೆ ಆರ್ಥಿಕ ದಿಗ್ಬಂಧನ’ ಎಂದು ಬರೆದಾಗ ಅದೇ ಬೇಲಿಯ ಒಳಗಿರುವವರು ನರಳುತ್ತಾರೆ. ಸ್ಯಾಂಕ್ಷನ್‌ಗೆ ಇದಕ್ಕಿಂತ ಹತ್ತಿರದ ಜೊತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇಂಗ್ಲಿಷಿಗೆ ನಾಮಪದ ಮೊದಲು ಬಂತು. ಕ್ರಿಯಾಪದವಾಗಿ ‘ಒಪ್ಪಿಗೆ ಕೊಡು’ ಎಂಬ ಅರ್ಥ 18ನೇ ಶತಮಾನದ ಕೊನೆಯದು. ‘ಶಿಕ್ಷಿಸು’ ಎಂಬ ಕ್ರಿಯಾಪದ 20ನೇ ಶತಮಾನದ ನಡುವಿನದು, ಅಂದರೆ ತೀರ ಎಳೆಯದು. ಆದರೆ ಕಾನೂನು ಮುರಿದವನಿಗೆ ಏನು ದಂಡ ಎಂದು ಹೇಳುವ ಭಾಗಕ್ಕೆ ‘ಸ್ಯಾಂಕ್ಷನ್’ ಎನ್ನುವುದು 17ನೇ ಶತಮಾನದಲ್ಲೇ ಇತ್ತು. 1935ರಲ್ಲಿ ಇಟಲಿ ಇಥಿಯೋಪಿಯಾ ಮೇಲೆ ನುಗ್ಗಿದಾಗ, ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಗಳ ಕೂಟವಾದ ಲೀಗ್ ಆಫ್ ನೇಷನ್ಸ್ ಹೇರಿದ ಆರ್ಥಿಕ ನಿರ್ಬಂಧಗಳನ್ನು ಜಗತ್ತು ‘ಸ್ಯಾಂಕ್ಷನ್ಸ್’ ಎಂದೇ ಕರೆಯಿತು.

ಎರಡೂ ಅರ್ಥಗಳ ಬಿಸಿ ಒಟ್ಟಿಗೆ ತಟ್ಟಿದ ಊರು ಬೆಂಗಳೂರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣ್ವಸ್ತ್ರ ಪರೀಕ್ಷೆ ನಡೆದ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಆಗ ಇಲ್ಲಿ ರೂಪುಗೊಳ್ಳುತ್ತಿದ್ದ ಲಘು ಯುದ್ಧವಿಮಾನದ, ಅಂದರೆ ಇಂದಿನ ತೇಜಸ್‌ನ, ಹಾರಾಟ ನಿಯಂತ್ರಣ ವ್ಯವಸ್ಥೆಗೆ ಅಲ್ಲಿಂದ ಸಿಗುತ್ತಿದ್ದ ನೆರವು ನಿಂತುಹೋಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ವಾಪಸಾಗಬೇಕಾಯಿತು. ಉಳಿದ ಕೆಲಸವನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನ ಆಕಾಶಕ್ಕೇರಿತು. ಆ ಯೋಜನೆಗೆ ಹಣ ಸ್ಯಾಂಕ್ಷನ್ ಮಾಡಿದ್ದು ದೆಹಲಿ, ಅದಕ್ಕೆ ಪೆಟ್ಟು ಕೊಟ್ಟ ಸ್ಯಾಂಕ್ಷನ್ ಹಾಕಿದ್ದು ವಾಷಿಂಗ್ಟನ್.

ಈಗ ಬಳಕೆಗೆ ಬರೋಣ. ಇಂಗ್ಲಿಷ್ ವಾಕ್ಯದಲ್ಲಿ ಕರ್ಮ ಯಾವುದು ನೋಡಿ. ಸಾಲ, ಹುದ್ದೆ, ನಕ್ಷೆ, ಯೋಜನೆ ಇಂಥದ್ದಾದರೆ ಒಪ್ಪಿಗೆ. ದೇಶ, ಕಂಪನಿ, ವ್ಯಕ್ತಿಯಾದರೆ ಸಾಮಾನ್ಯವಾಗಿ ಶಿಕ್ಷೆ. ಸರ್ಕಾರ ವ್ಯಾಪಾರವನ್ನು ‘ಸ್ಯಾಂಕ್ಷನ್’ ಮಾಡಿದರೆ ಬಾಗಿಲು ತೆರೆಯಿತು, ವ್ಯಾಪಾರಿಯನ್ನು ಮಾಡಿದರೆ ಮುಚ್ಚಿತು. ನಾಮಪದವು ‘ಸ್ಯಾಂಕ್ಷನ್ಸ್’ ಎಂದು ಬಹುವಚನದಲ್ಲಿದ್ದರೆ ಬಹುತೇಕ ನಿರ್ಬಂಧವೇ.

ಕನ್ನಡದ ಬಾಯಿ ಈ ಗೊಂದಲವನ್ನು ಯಾರೂ ಹೇಳಿಕೊಡದೆ ಬಿಡಿಸಿಕೊಂಡಿದೆ! ಲೋನ್ ಸ್ಯಾಂಕ್ಷನ್ ‘ಆಗುತ್ತದೆ’, ಮ್ಯಾನೇಜರ್ ‘ಮಾಡುತ್ತಾರೆ’. ರಷ್ಯಾ ‘ಮೇಲೆ’ ಸ್ಯಾಂಕ್ಷನ್ ‘ಹಾಕುತ್ತಾರೆ’, ‘ಹೇರುತ್ತಾರೆ’. ರಷ್ಯಾಕ್ಕೆ ಸ್ಯಾಂಕ್ಷನ್ ಆಯಿತು ಎಂದು ಯಾರೂ ಅನ್ನುವುದಿಲ್ಲ. ಆದರೂ ಬರವಣಿಗೆಯಲ್ಲಿ ಮಂಜೂರು, ನಿರ್ಬಂಧ ಎಂಬ ನಮ್ಮ ಎರಡು ಶಬ್ದಗಳನ್ನೇ ಬಳಸಿ ಎಂದು ಕೇಳಿಕೊಳ್ಳುತ್ತೇನೆ. ಮಂಜೂರು ಅರಬ್ಬಿಯಿಂದ ಬಂದದ್ದಾದರೂ ಬಗರ್ ಹುಕುಂ ಅರ್ಜಿ ಹಾಕಿದ ಪ್ರತಿ ರೈತನಿಗೂ ಗೊತ್ತು.

ಒಂದು ಕಡೆ ಮಾತ್ರ ಎಚ್ಚರ ಬೇಕು. ‘ಪ್ರಾಸಿಕ್ಯೂಷನ್‌ಗೆ ಸ್ಯಾಂಕ್ಷನ್ ಸಿಕ್ಕಿತು’ ಎಂಬ ಸುದ್ದಿ ಓದಿ, ಅಧಿಕಾರಿಗೆ ಶಿಕ್ಷೆಯಾಯಿತು ಎಂದುಕೊಳ್ಳುವವರಿದ್ದಾರೆ. ಇದು ಒಪ್ಪಿಗೆಯ ಅರ್ಥದ್ದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಸರ್ಕಾರಿ ನೌಕರನ ಮೇಲಿನ ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಲು ಅವನನ್ನು ಹುದ್ದೆಯಿಂದ ತೆಗೆಯುವ ಅಧಿಕಾರ ಉಳ್ಳವರ ಪೂರ್ವಾನುಮತಿ ಬೇಕು. ಆ ಅನುಮತಿ ಬಂದಿದೆ ಎಂದಷ್ಟೇ ಸುದ್ದಿ. ವಿಚಾರಣೆ ಇನ್ನೂ ಶುರುವಾಗಬೇಕು.